ಹಠದ ವ್ಯಾಪಾರ

ಕೇಳುಗರಿಗೆಲ್ಲ ನಮಸ್ಕಾರ.

ಸಂಜೆ ಆರರ ಹೊತ್ತು. ಬೀದಿ ಕೊನೆಯ ಕಿರಾಣಿ ಅಂಗಡಿ. ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಚಿಪ್ಸ್ ಪೊಟ್ಟಣಗಳ ಸರ ಇಳಿಬಿಟ್ಟಿದ್ದಾರೆ, ಅದೂ ನಾಲ್ಕು ವರ್ಷದ ಮಗುವಿನ ಕೈಗೆ ಸರಿಯಾಗಿ ಎಟುಕುವ ಹಾಗೆ. 'ಅಮ್ಮಾ, ಅದು ಬೇಕು.' 'ಬೇಡ ಪುಟ್ಟಾ, ನಿನ್ನೆ ತಾನೇ ತಿಂದೆಯಲ್ಲ.' ಮಗು ರಾಗ ತೆಗೆಯುತ್ತದೆ. 'ಬೇಡ ಅಂದ್ನಲ್ಲಾ!' ಅಳು ಶುರು. ಆಮೇಲೆ ನೆಲಕ್ಕೆ ಬಿದ್ದು ಹೊರಳಾಟ. ಸಾಮಾನಿಗೆ ಬಂದವರೆಲ್ಲ ತಿರುಗಿ ನೋಡುತ್ತಾರೆ. 'ಕೊಡ್ಸಿಬಿಡಿ ಅಕ್ಕಾ, ಐದ್ರುಪಾಯಿ ತಾನೇ' ಅನ್ನುತ್ತಾರೆ ಅಂಗಡಿಯವರು. ಅಮ್ಮ ಒಂದು ಪೊಟ್ಟಣ ಕಿತ್ತು ಕೈಗಿಡುತ್ತಾಳೆ. ನಲ್ಲಿ ತಿರುಗಿಸಿದ ಹಾಗೆ ಅಳು ನಿಂತುಹೋಗುತ್ತದೆ.

ಇಲ್ಲಿ ಪಾಠ ಕಲಿತದ್ದು ಮಗು ಒಂದೇ ಅಲ್ಲ. ಬಾಯಲ್ಲಿ ಕೇಳಿ ಸಿಗದ್ದು ನೆಲಕ್ಕೆ ಬಿದ್ದರೆ ಸಿಗುತ್ತದೆ ಎಂದು ಅದು ಕಲಿಯಿತು. ಕೊಟ್ಟರೆ ನಾಲ್ಕು ಜನರೆದುರು ಮಾನ ಉಳಿಯುತ್ತದೆ ಎಂದು ಅಮ್ಮನೂ ಕಲಿತಳು. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಮನೆಗಳಿಗೇ ಹೋಗಿ, ಅಪ್ಪ ಅಮ್ಮ ಮಕ್ಕಳ ಜಗಳವನ್ನು ಕೂತು ನೋಡಿ ಬರೆದುಕೊಂಡಿದ್ದರು. 1982ರಲ್ಲಿ ಪ್ಯಾಟರ್ಸನ್ ಪುಸ್ತಕ ಮಾಡಿ ವಿವರಿಸಿದ್ದು ಇದೇ ವ್ಯಾಪಾರವನ್ನು. ಒಬ್ಬರ ಕೂಗಾಟ ನಿಲ್ಲಲಿ ಅಂತ ಇನ್ನೊಬ್ಬರು ಸೋಲುವುದು, ಸೋತಷ್ಟೂ ಕೂಗಾಟ ಗಟ್ಟಿಯಾಗುವುದು.

ಅದಕ್ಕೆ ನಾನು ತಾಯಂದಿರಿಗೆ ಹೇಳುವುದು, ಕೊಡುವುದಿದ್ದರೆ ಮೊದಲ ಸಲ ಕೇಳಿದಾಗಲೇ ಕೊಟ್ಟುಬಿಡಿ. ಎಂಟು ಸಲ ಬೇಡ ಅಂದು ಒಂಬತ್ತನೇ ಸಲ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಇಸ್ಪೀಟಾಡುವವನು ಯಾಕೆ ಏಳುವುದಿಲ್ಲ ಹೇಳಿ? ಯಾವಾಗಲೋ ಒಮ್ಮೆ ಎಲೆ ಬೀಳುತ್ತದಲ್ಲ, ಅದಕ್ಕೆ.

ಸರಿ, ಇವತ್ತಿನಿಂದ ಅಳುವಿಗೆ ಬಗ್ಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದಿರಿ ಅನ್ನಿ. ಅಳು ಕಡಿಮೆಯಾಗುವ ಮೊದಲು ಜಾಸ್ತಿಯಾಗುತ್ತದೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ನಿನ್ನೆವರೆಗೆ ತೆರೆಯುತ್ತಿದ್ದ ಬಾಗಿಲು ಇವತ್ತು ತೆರೆಯದಿದ್ದರೆ ನಾವಾದರೂ ಇನ್ನೂ ಜೋರಾಗಿ ಬಡಿಯುತ್ತೇವಲ್ಲವೇ? ಸರಿಯಾಗಿ ಅದೇ ಹೊತ್ತಿಗೆ ಒಳಕೋಣೆಯಿಂದ ಅಜ್ಜಿ ಬರುತ್ತಾರೆ. 'ಪಾಪ, ಮಗು ಹೇಗೆ ಅಳ್ತಿದೆ, ನಿಂಗೆ ಕರುಳಿಲ್ವೇನೇ?' ನಾನೂ ಈಗ ಅಜ್ಜಿಯೇ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಮೊದಲು ಒಪ್ಪಿಸಬೇಕಾದದ್ದು ಅಜ್ಜಿಯನ್ನು, ಮಗುವನ್ನು ಆಮೇಲೆ. ಇನ್ನೊಂದು ಮಾತು: ಅಂಗಡಿಗೆ ಹೋದಮೇಲೆ ಬೇಡ ಅನ್ನುವುದಕ್ಕಿಂತ ಮನೆಯ ಹೊಸ್ತಿಲಲ್ಲೇ, 'ಇವತ್ತು ಉಪ್ಪು, ಸೋಪು ಅಷ್ಟೇ. ಸೋಪು ನೀನೇ ಹಿಡ್ಕೋಬೇಕು' ಎಂದು ಕೈಗೊಂದು ಕೆಲಸ ಕೊಟ್ಟರೆ ಅರ್ಧ ಗಲಾಟೆ ಅಲ್ಲೇ ಮುಗಿದಿರುತ್ತದೆ.

ಇನ್ನು ಶಾಲೆಯ ಮಾತು. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಪಕ್ಕದವನಿಗೆ ಪೆನ್ಸಿಲ್ ಚುಚ್ಚುವುದು, ಬ್ಯಾಗು ಒದೆಯುವುದು. ನಾನು ಮಾಡುತ್ತಿದ್ದುದು ಒಂದೇ, ಹೊರಗೆ ನಿಲ್ಲಿಸುವುದು. ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ನಾನು ಹೊಡೆಯಲಿಲ್ಲವಲ್ಲ ಎಂಬ ಸಮಾಧಾನ ಬೇರೆ ನನಗೆ. ತಿಂಗಳಾದರೂ ಹುಡುಗ ಬದಲಾಗಲಿಲ್ಲ.

ಕೊನೆಗೆ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಗೆರೆ ಎಳೆದೆ. ಗಲಾಟೆಗೆ ಮುಂಚೆ ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಹತ್ತು ದಿನ ಬರೆದೆ. ಲೆಕ್ಕದ ಪೀರಿಯಡ್ಡಿನಲ್ಲಿ ಒಂದೂ ಇಲ್ಲ. ಆಟದಲ್ಲಿ ಇಲ್ಲ. ಎಲ್ಲವೂ ಕನ್ನಡ ಪಾಠ ಗಟ್ಟಿಯಾಗಿ ಓದಿಸುವಾಗ, ಅವನ ಸರದಿ ಇನ್ನೇನು ಬಂತು ಅನ್ನುವಾಗ. ಒತ್ತಕ್ಷರ ಅವನಿಗೆ ಬರುತ್ತಿರಲಿಲ್ಲ. ಹೊರಗೆ ನಿಂತರೆ ಓದುವುದು ತಪ್ಪುತ್ತಿತ್ತು. ನಾನು ಶಿಕ್ಷೆ ಅಂದುಕೊಂಡದ್ದು ಅವನಿಗೆ ಬಹುಮಾನವಾಗಿತ್ತು! ಹಾಳೆ ನೋಡಿ ನಾಚಿಕೆಯಾಯಿತು.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬಿಬ್ಬರು ಮನೋವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಷ್ಟದ ಕೆಲಸ ಬಂದಾಗ ಕೂಗಾಡುತ್ತಿದ್ದ ಮಕ್ಕಳಿಗೆ 'ನನಗೆ ಅರ್ಥವಾಗುತ್ತಿಲ್ಲ' ಎಂದು ಹೇಳಲು ಕಲಿಸಿದರು, ಕೂಗಾಟ ಇಳಿಯಿತು. ಕೂಗು ಮಾಡುತ್ತಿದ್ದ ಕೆಲಸವನ್ನು ಮಾತು ಮಾಡಿತು, ಅಷ್ಟೆ. ನಾನೂ ಆ ಹುಡುಗನಿಗೆ ಒಬ್ಬನೇ ಓದಬೇಡ, ಗೆಳೆಯನ ಜೊತೆ ಎರಡೇ ಸಾಲು ಓದು, ಬರದಿದ್ದರೆ ಕೈ ಎತ್ತು ಎಂದೆ.

ಎಲ್ಲ ಗಲಾಟೆಯೂ ಹೀಗೆ ಹಾಳೆಯಲ್ಲಿ ಬಿಡಿಸಿಕೊಳ್ಳುವುದಿಲ್ಲ. ಮಗುವಿಗೆ ಕಿವಿ, ಕಣ್ಣು ಸರಿಯಿದೆಯೇ, ರಾತ್ರಿ ನಿದ್ದೆಯಾಗುತ್ತಿದೆಯೇ, ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು. ತನಗೋ ಬೇರೆಯವರಿಗೋ ಗಾಯ ಮಾಡುತ್ತಿದ್ದರೆ, ಆಡುತ್ತಿದ್ದ ಮಾತು ನಿಂತಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ, ಒಂದು ನಾಲ್ಕು ನಾಲ್ಕು ಒಂದು ಆರು.

ನನ್ನ ಹುಡುಗ ಎರಡು ವಾರ ಕೈ ಎತ್ತಲೇ ಇಲ್ಲ. ಒಂದು ದಿನ ಎತ್ತಿದ. 'ಮಿಸ್, ಇದು ಬರ್ತಿಲ್ಲ.' ಹೋಗಿ ನೋಡಿದೆ. ಅವನ ಬೆರಳು 'ರಾಷ್ಟ್ರ' ಎಂಬ ಪದದ ಮೇಲಿತ್ತು. ಬೋರ್ಡಿನ ಮೇಲೆ ಬಿಡಿಸಿ ಬರೆಯೋಣ ಎಂದು ಚಾಕ್‌ಪೀಸ್ ಹಿಡಿದು ತಿರುಗಿದರೆ, ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕು ಕೈ ಎದ್ದಿದ್ದವು.

ನಮಸ್ಕಾರ.