ತೋಟದ ಟ್ರ್ಯಾಕ್ಟರಿಗೆ ಸೈಲೆನ್ಸರ್: ಎಚ್‌ಪಿ ಹೇಳಿ ಕೊಳ್ಳಬೇಡಿ

ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿಗೆ ಮುಂಚೆ ಗಾಡಿಗಳೆಲ್ಲ ರಿಪೇರಿಗೆ ಬರುವ ಕಾಲ ಇದು. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ನಿಂತಿದ್ದ ಮಿನಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರ್ ತೂತು ಬಿದ್ದದ್ದು ನಿಮಗೂ ಗೊತ್ತಾಗುತ್ತದೆ, ಆಚೆ ಮನೆಯವರಿಗೂ ಗೊತ್ತಾಗುತ್ತದೆ. ಆಮೇಲೆ ಪೇಟೆಗೆ ಹೋಗಿ ಅಂಗಡಿಯವನಿಗೆ ಹೇಳುವ ಮಾತು ಒಂದೇ: "ಹದಿನೈದು ಎಚ್‌ಪಿದು ಒಂದು ಸೈಲೆನ್ಸರ್ ಕೊಡಿ." ಇವತ್ತು ನನ್ನ ಜಗಳ ಈ ಒಂದು ವಾಕ್ಯದ ಜೊತೆ.

ಎಚ್‌ಪಿ ಹೇಳಿದರೆ ಸೈಲೆನ್ಸರಿನ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಮಹೀಂದ್ರ ಯುವರಾಜ್ 215 ತೆಗೆದುಕೊಳ್ಳಿ. ಹದಿನೈದು ಎಚ್‌ಪಿ, ಒಂದೇ ಸಿಲಿಂಡರು, 863 ಸಿಸಿ. ಕುಬೋಟ ನಿಯೋಸ್ಟಾರ್ 21 ಎಚ್‌ಪಿ, 1001 ಸಿಸಿ, ಆದರೆ ಅದು ಮೂರು ಸಿಲಿಂಡರಿಗೆ ಹಂಚಿಹೋಗಿದೆ, ಒಂದೊಂದಕ್ಕೆ 334 ಸಿಸಿ. ಎರಡನ್ನೂ ನಿಮಿಷಕ್ಕೆ 2300 ಸುತ್ತಿನಲ್ಲಿ ಓಡಿಸಿದರೆ ಒಂಟಿ ಸಿಲಿಂಡರು ಸೆಕೆಂಡಿಗೆ ಹತ್ತೊಂಬತ್ತು ಸಲ ಹೊಗೆ ಉಗುಳುತ್ತದೆ, ಮೂರರದ್ದು ಐವತ್ತೇಳು ಸಲ. ಒಂಟಿಯದ್ದು ದೊಡ್ಡ ಗುಕ್ಕು, ನಿಧಾನದ ಗುಕ್ಕು. ಆ ದಪ್ಪ ಸದ್ದನ್ನು ತಡೆಯುವುದಕ್ಕೆ ಒಳಗೆ ಜಾಗ ಬೇಕು, ಅಂದರೆ ಡಬ್ಬಿಯೇ ದೊಡ್ಡದಿರಬೇಕು. ಎಚ್‌ಪಿ ಕಮ್ಮಿ, ಸೈಲೆನ್ಸರ್ ದೊಡ್ಡದು! ಒಂಟಿ ಸಿಲಿಂಡರಿನ ಪವರ್ ಟಿಲ್ಲರ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೈಲೆನ್ಸರ್ ಹೊಸ ವಿದ್ಯೆಯೇನಲ್ಲ. ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲೇ ಎಂಜಿನ್ ಸೈಲೆನ್ಸರಿಗೆ ಪೇಟೆಂಟ್ ಪಡೆದಿದ್ದರು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಕೃಷಿ ಟ್ರ್ಯಾಕ್ಟರನ್ನೂ ಹೆಸರಿಸಿಯೇ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಹೊಗೆ ಹಿಗ್ಗುವ ಕೋಣೆಯ ಮಾತೂ ಅದರಲ್ಲೇ ಇದೆ. ಕಾನೂನಿಗೇ ಗೊತ್ತಿರುವ ಸಂಗತಿ ಅಂಗಡಿಯಲ್ಲಿ ನಮಗೆ ಮರೆತುಹೋಗುತ್ತದೆ.

ಈಗ ಒಂದು ಕತೆ. ಗ್ಯಾರೇಜಿನವರು ಬೇಕಾದಷ್ಟು ಸಲ ಕೇಳಿದ್ದೀರಿ, ಆದರೂ ಕೇಳಿ. ಒಬ್ಬ ತೋಟದವರು ಒಂಟಿ ಸಿಲಿಂಡರಿನ ಗಾಡಿಗೆ ಇದೇ ರೀತಿ ಎಚ್‌ಪಿ ಹೇಳಿ ಸೈಲೆನ್ಸರ್ ತಂದರು. ಚಂದದ ಕಪ್ಪು ಬಣ್ಣ, ಕಮ್ಮಿ ರೇಟು, ಸದ್ದೂ ಕಮ್ಮಿ. ಮನೆಯವರೆಲ್ಲ ಖುಷಿ. ಟ್ರೇಲರಿಗೆ ಗೊಬ್ಬರ ತುಂಬಿ ಏರು ಹತ್ತಿಸಿದರೆ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ, ಟೆಂಪರೇಚರ್ ಮುಳ್ಳು ಮೇಲೆ. ಒಬ್ಬರು ಏರ್ ಫಿಲ್ಟರ್ ಅಂದರು, ಬದಲಾಯಿಸಿದ್ದಾಯಿತು. ಇನ್ನೊಬ್ಬರು ನಾಝಲ್ ಅಂದರು, ಅದೂ ಆಯಿತು. ಡೀಸೆಲ್ ಪಂಪು ಕ್ಯಾಲಿಬ್ರೇಶನ್‌ಗೆ ಹೋಗಿ ಬಂತು. ಅಲ್ಲಿ ಏನೂ ತೊಂದರೆ ಇಲ್ಲ ಅಂತ ಬರೆದುಕೊಟ್ಟು ಬಿಲ್ಲನ್ನೂ ಕೊಟ್ಟರು. ಮೂರನೆಯವರು ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಅಂದರು. ಅಷ್ಟರಲ್ಲಿ ಮನೆಯ ಹಿರಿಯರು ನಿಂಬೆಹಣ್ಣು ಇಳಿ ತೆಗೆದು ದೃಷ್ಟಿಯನ್ನೂ ಕಳೆದರು. ಖರ್ಚಿನ ಲೆಕ್ಕದಲ್ಲಿ ಅದೇ ಅಗ್ಗದ ರಿಪೇರಿ!

ಕೊನೆಗೆ ಯಾರೋ ಒಬ್ಬ ಹುಡುಗ ಸೈಲೆನ್ಸರನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಬಿಲ್ಲೆ, ಅಂದರೆ ಫ್ಲೇಂಜಿನ ಎರಡು ನಟ್ಟನ್ನು ಎರಡೆರಡು ಸುತ್ತು ಸಡಿಲ ಮಾಡಿ ಅದೇ ಏರಿನಲ್ಲಿ ಒಂದು ನಿಮಿಷ ಓಡಿಸಿದ. ಕಿವಿ ಕಿತ್ತುಹೋಗುವ ಸದ್ದು, ಆದರೆ ಗಾಡಿ ಎಳೆಯಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಗ್ರೈಂಡರಿನಲ್ಲಿ ಆ ಸೈಲೆನ್ಸರನ್ನು ಉದ್ದಕ್ಕೆ ಸೀಳಿದರು. ಒಳಪೈಪಿನ ತುದಿ ಮುಚ್ಚಿದೆ, ಹೊಗೆಯೆಲ್ಲ ಪೈಪಿನ ಮೈಯ ತೂತುಗಳಿಂದಲೇ ಹೋಗಬೇಕು. ತೂತು ಮೂವತ್ತು, ಒಂದೊಂದೂ ನಾಲ್ಕು ಮಿ.ಮೀ. ಲೆಕ್ಕ ಹಾಕಿ. ನಾಲ್ಕು ಮಿ.ಮೀ. ತೂತಿನ ವಿಸ್ತೀರ್ಣ ಹನ್ನೆರಡೂವರೆ ಚದರ ಮಿ.ಮೀ., ಮೂವತ್ತಕ್ಕೆ ಸುಮಾರು 377. ಒಳಕ್ಕೆ ಬರುವ ಪೈಪಿನ ಒಳವ್ಯಾಸ 38, ಅದರ ವಿಸ್ತೀರ್ಣ 1134. ಬರುವ ದಾರಿಯ ಮೂರನೇ ಒಂದು ಪಾಲು ಮಾತ್ರ ಹೋಗುವ ದಾರಿ. ಎಂಜಿನ್ ಉಸಿರುಕಟ್ಟಿ ಒದ್ದಾಡುತ್ತಿತ್ತು. ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ವಿಸ್ತೀರ್ಣಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಲಿ. ಐದು ಮಿ.ಮೀ. ತೂತಾದರೆ ಈ ಪೈಪಿಗೆ ತೊಂಬತ್ತಕ್ಕೆ ಕಮ್ಮಿ ಬೇಡ. ಅಂಗಡಿಯಲ್ಲಿ ಸೀಳಿ ನೋಡಲಿಕ್ಕೆ ಬಿಡುವುದಿಲ್ಲ, ನಿಜ. ಟಾರ್ಚ್ ಬಿಟ್ಟು ಬಾಯಿಯೊಳಗೆ ಇಣುಕಬಹುದು, ಅಲ್ಲಾಡಿಸಿ ಒಳಗೆ ತಗಡು ಗಲಗಲ ಅನ್ನುತ್ತದೆಯೇ ಕೇಳಬಹುದು.

ನಟ್ ಸಡಿಲಿಸುವುದು ನಾಟಿ ಪರೀಕ್ಷೆ. ಅಳತೆಯೇ ಬೇಕೆಂದರೆ ಅದೂ ಕಷ್ಟವಲ್ಲ. ಸೈಲೆನ್ಸರಿಗಿಂತ ಮೊದಲು ಪೈಪಿನ ನೇರ ಭಾಗದಲ್ಲಿ ಸಣ್ಣ ನಿಪ್ಪಲ್ (ಮೋಟು ಪೈಪಿನ ತುಂಡು) ಬೆಸೆಯಿರಿ. ಅದಕ್ಕೆ ಒಂದು ಮೀಟರ್ ತಾಮ್ರದ ನಳಿಗೆ. ನೇರ ಪ್ಲಾಸ್ಟಿಕ್ ಹಾಕಿದರೆ ಕರಗುತ್ತದೆ. ತಾಮ್ರದ ತುದಿಗೆ ಪಾರದರ್ಶಕ ಹೋಸ್, ಅದನ್ನು ಹಲಗೆಯ ಮೇಲೆ ಯು ಆಕಾರಕ್ಕೆ ಕಟ್ಟಿ ಅರ್ಧ ನೀರು ತುಂಬಿಸಿ. ಲೋಡಿನಲ್ಲಿ ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿದಾಗ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಬ್ಯಾಕ್ ಪ್ರೆಶರ್, ಅಂದರೆ ಹೊರಹೋಗಲಾರದ ಹೊಗೆ ಹಿಂದಕ್ಕೆ ಒತ್ತುವ ಒತ್ತಡ. ಮಿತಿ ಎಷ್ಟೆಂದು ಎಂಜಿನ್ ಕೈಪಿಡಿಯಲ್ಲಿ ಇರುತ್ತದೆ. ನೀರು ಒಂದು ಮೀಟರ್ ದಾಟಿತೆಂದರೆ ಪಂಪು, ನಾಝಲ್ ಮುಟ್ಟುವ ಮೊದಲು ಸೈಲೆನ್ಸರ್ ಬಿಚ್ಚಿ.

ಈ ಕತೆ ಕೇಳಿದ ಕೂಡಲೇ ಹಿಂದಿನ ಸಾಲಿನವರು ಏನು ಯೋಚಿಸುತ್ತಿದ್ದೀರಿ ಗೊತ್ತು. ಹಾಗಾದರೆ ಸೈಲೆನ್ಸರೇ ಬೇಡ, ನೇರ ಪೈಪು ಹಾಕಿಬಿಡೋಣ, ಸದ್ದು ಜಾಸ್ತಿಯಾದರೆ ಎಳೆತವೂ ಜಾಸ್ತಿ! ಖಂಡಿತ ಅಲ್ಲ ಮಾರಾಯ್ರೇ. ಡೀಸೆಲ್ ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವುದು ಪಂಪು ಮತ್ತು ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಗವರ್ನರ್. ಸರಿಯಿರುವ ಸೈಲೆನ್ಸರ್ ಕಿತ್ತು ಹಾಕಿದರೆ ಒಂದು ಹನಿ ಡೀಸೆಲ್ಲೂ ಹೆಚ್ಚಿಗೆ ಬೀಳುವುದಿಲ್ಲ. ಹೆಚ್ಚುವುದು ನಿಮ್ಮ ಕಿವಿಗೆ ಬೀಳುವ ಪೆಟ್ಟು. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಬಹುದು ಅನ್ನುವುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಪ್ರತಿ ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧ: 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, ನೂರಕ್ಕೆ ಬರೀ ಕಾಲು ಗಂಟೆ. ಬೆಳಗ್ಗೆಯಿಂದ ಸಂಜೆವರೆಗೆ ಟಿಲ್ಲರ್ ಹಿಡಿದವರನ್ನು ಯಾಕೆ ಎರಡೆರಡು ಸಲ ಕೂಗಿ ಕರೆಯಬೇಕಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಅಳತೆ. ಮೊದಲ ಮಾತು: ಹಳೆಯ ಸೈಲೆನ್ಸರ್ ಗುಜರಿಗೆ ಹಾಕಬೇಡಿ. ತುಕ್ಕು ಹಿಡಿದು ತಳ ಉದುರಿದ್ದರೂ ಫ್ಲೇಂಜ್ ಮತ್ತು ಬ್ರಾಕೆಟ್ ಉಳಿದಿರುತ್ತವೆ. ಗೋಣಿಚೀಲದಲ್ಲಿ ಸುತ್ತಿ ಅಂಗಡಿಗೇ ಒಯ್ಯಿರಿ. ಮಿಲಿಮೀಟರಿನ ಪಾಲನ್ನೂ ಅಳೆಯುವ ವರ್ನಿಯರ್ ಒಂದು ಕೈಯಲ್ಲಿರಲಿ. ನೋಡಬೇಕಾದದ್ದು ಫ್ಲೇಂಜಿನ ನಡುವಿನ ತೂತು, ಸ್ಟಡ್ಡಿನಿಂದ (ತಲೆಯಿಲ್ಲದ ಬೋಲ್ಟಿನಿಂದ) ಸ್ಟಡ್ಡಿಗೆ ದೂರ, ಪೈಪಿನ ಹೊರವ್ಯಾಸ, ಫ್ಲೇಂಜಿನಿಂದ ಮೊದಲ ಬೆಂಡಿಗೆ ಉದ್ದ, ಡಬ್ಬಿಯ ಉದ್ದ ಮತ್ತು ದಪ್ಪ, ಬ್ರಾಕೆಟ್ ತೂತು ಎಲ್ಲಿದೆ ಅನ್ನುವುದು, ಹೊಗೆ ಯಾವ ಕಡೆ ಮುಖ ಮಾಡಿದೆ ಅನ್ನುವುದು. ಸ್ಟಡ್ಡಿನ ದೂರವನ್ನು ನಡುವಿನಿಂದ ನಡುವಿಗೆ ಅಂದಾಜಿನಲ್ಲಿ ಹಿಡಿಯಬೇಡಿ. ಎರಡು ಸ್ಟಡ್ಡಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಒಂದು ಸ್ಟಡ್ಡಿನ ದಪ್ಪ ಕಳೆಯಿರಿ. 72 ಬಂತು, ಸ್ಟಡ್ 8 ಮಿ.ಮೀ., ಹಾಗಾದರೆ 64. ಎರಡು ಮಿ.ಮೀ. ವ್ಯತ್ಯಾಸ ಬಂದರೆ ಫ್ಲೇಂಜಿನ ತೂತನ್ನು ರೌಂಡ್ ಫೈಲಿನಲ್ಲಿ ಉಜ್ಜಿ ಸರಿಮಾಡುತ್ತೇವೆ ಅನ್ನುತ್ತಾರೆ. ಹಾಗೆ ಉಜ್ಜಿದ ಕಡೆ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕೂರುವುದಿಲ್ಲ, ವಾರದಲ್ಲಿ ಕರಿಮಸಿ ಸೋರುತ್ತದೆ.

ಅತಿ ಹೆಚ್ಚು ದುಡ್ಡು ಕಳೆಯುವುದು ಇಂಚಿನ ಮಾತಿನಲ್ಲಿ. "ಒಂದೂಕಾಲು ಇಂಚಿನ ಪೈಪು" ಅಂದರೆ ಯಾವುದು? ನೀರಿನ ಜಿಐ (ಸತು ಲೇಪದ ಕಬ್ಬಿಣದ) ಪೈಪಾದರೆ ಒಂದೂಕಾಲು ಇಂಚು ಅಂತ ಮಾರುವುದರ ಹೊರವ್ಯಾಸ 42.4 ಮಿ.ಮೀ. ಸೈಲೆನ್ಸರಿಗೆ ಬಳಸುವ ಟ್ಯೂಬಾದರೆ ಒಂದೂಕಾಲು ಇಂಚೆಂದರೆ ಹೊರವ್ಯಾಸವೇ ಅಷ್ಟು, 31.8. ಹತ್ತು ಮಿ.ಮೀ.ಗೂ ಮೇಲೆ ವ್ಯತ್ಯಾಸ! ಅಂಗಡಿಯವನು ಒಂದು ತಿಳಿದ, ನೀವೊಂದು ತಿಳಿದಿರಿ, ಕೊನೆಗೆ ವೆಲ್ಡಿಂಗ್‌ನವನಿಗೆ ಲಾಭ. ಮಿಲಿಮೀಟರಿನಲ್ಲೇ ಮಾತಾಡಿ, ಹೊರವ್ಯಾಸವೋ ಒಳವ್ಯಾಸವೋ ಸೇರಿಸಿ ಹೇಳಿ. ವರ್ನಿಯರ್ ಇಲ್ಲದಿದ್ದರೆ ಪೈಪಿಗೆ ದಾರ ಸುತ್ತಿ, ದಾರದ ಉದ್ದವನ್ನು 3.14ರಿಂದ ಭಾಗಿಸಿ. 133 ಬಂದರೆ 42.4. ಒಂದರೊಳಗೊಂದು ತೂರಿಸಿ ಕ್ಲ್ಯಾಂಪ್ ಹಾಕುವ ಜಾಗದಲ್ಲಿ ಅರ್ಧ ಮಿ.ಮೀ. ಸಡಿಲ ಸಾಕು. ಎಂಜಿನ್ ಕಡೆಯ ಪೈಪು ಒಳಕ್ಕೆ, ಸೈಲೆನ್ಸರ್ ಕಡೆಯದ್ದು ಹೊರಕ್ಕೆ.

ಹುಲ್ಲು ಕತ್ತರಿಸುವ ವಿದೇಶಿ ರೈಡ್-ಆನ್ ಗಾಡಿ ಇರುವ ಎಸ್ಟೇಟಿನವರು ಇದ್ದರೆ ಒಂದು ಮಾತು. ಅಮೆರಿಕದ ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಕೆಲವಕ್ಕೆ ಫ್ಲೇಂಜ್ ಇರುವುದಿಲ್ಲ, ಮರೆ (ಥ್ರೆಡ್) ಹಾಕಿ ತಿರುಗಿಸುವ ಪೈಪು. ಅದು ಎನ್‌ಪಿಟಿ, ಅಂದರೆ ಅಮೆರಿಕದ ಅಳತೆಯ ಮರೆ, ನಮ್ಮ ಹಾರ್ಡ್‌ವೇರ್ ಅಂಗಡಿಯದ್ದು ಬಿಎಸ್‌ಪಿ, ಬ್ರಿಟಿಷ್ ಅಳತೆಯದ್ದು. ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ ಹದಿನಾಲ್ಕೇ ಮರೆ, ಅದಕ್ಕೇ ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆದರೆ ಮರೆಯ ಕೋನ ಒಂದರದ್ದು 60 ಡಿಗ್ರಿ, ಇನ್ನೊಂದರದ್ದು 55. ಬಲವಂತ ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನ ಮರೆ ಹೋಯಿತು, ಸೈಲೆನ್ಸರಿನ ಹತ್ತು ಪಟ್ಟು ಖರ್ಚು ಬಂತು.

ಸೈಲೆನ್ಸರ್ ಯಾಕೆ ಕೊಳೆಯುತ್ತದೆ? ಮಳೆಯಿಂದ ಅನ್ನುತ್ತೀರಿ. ಮಳೆಯೂ ಹೌದು, ಆದರೆ ಒಳಗಿನ ನೀರು ಎಂಜಿನ್ನಿನದ್ದೇ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಗಾಡಿ ಬಿಸಿಯಾಗಿ ಓಡಿದರೆ ಆಚೆ ಹೋಗುತ್ತದೆ. ಕೊಟ್ಟಿಗೆಯಿಂದ ಅಂಗಳಕ್ಕೆ ತಂದು ಐದು ನಿಮಿಷಕ್ಕೆ ಆಫ್ ಮಾಡಿದರೆ ತಣ್ಣಗಿನ ಡಬ್ಬಿಯಲ್ಲಿ ನೀರಾಗಿ ಕೂರುತ್ತದೆ, ತಳದಿಂದ ತಿನ್ನುತ್ತದೆ. ದಿನಾ ಎಂಟು ಗಂಟೆ ದುಡಿಯುವ ಗಾಡಿಯ ಸೈಲೆನ್ಸರ್ ಬಾಳುತ್ತದೆ, ನಿಂತ ಗಾಡಿಯದ್ದು ಕೊಳೆಯುತ್ತದೆ. ಆದ್ದರಿಂದ ಅಡ್ಡ ಮಲಗಿಸುವ ಸೈಲೆನ್ಸರಾದರೆ ತೀರಾ ಕೆಳಗಿನ ಜಾಗದಲ್ಲಿ ಮೂರು ಮಿ.ಮೀ. ತೂತು ಇದೆಯೇ ನೋಡಿ. ಇಲ್ಲದಿದ್ದರೆ ನೀವೇ ಕೊರೆಯಿರಿ. ನೆಟ್ಟಗಿನದ್ದಾದರೆ ಮೇಲೆ ಮಳೆಮುಚ್ಚಳ. ತಗಡು 1.2 ಮಿ.ಮೀ.ಗಿಂತ ತೆಳ್ಳಗಿದ್ದರೆ ಬೇಡ, 1.6 ಆದರೆ ಉತ್ತಮ. ಅಲ್ಯೂಮಿನಿಯಂ ಲೇಪದ ಉಕ್ಕು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟುಹೋಗುವುದರಿಂದ ತುಕ್ಕು ಅಲ್ಲಿಂದಲೇ ಶುರು. ಗಾಜಿನ ಉಣ್ಣೆ ತುಂಬಿದ್ದು ಡೀಸೆಲ್ಲಿಗೆ ಬೇಡವೇ ಬೇಡ, ಮಸಿ ಕುಡಿದು ಕಟ್ಟಿಕೊಳ್ಳುತ್ತದೆ. ಬೈಕಿನ ಹಳೆಯ ಸೈಲೆನ್ಸರ್ ತಂದು ಟಿಲ್ಲರಿಗೆ ಕಟ್ಟುವವರಿಗೂ ಇದೇ ಮಾತು. ಅದರೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಇದ್ದರೆ ಅದು ಮಸಿಯಿಂದ ಮುಚ್ಚಿಕೊಳ್ಳುತ್ತದೆ. ಆಗ ಆಗಲೇ ಹೇಳಿದ ಕತೆ ಮತ್ತೆ ಮೊದಲಿಂದ ಶುರು, ನಿಂಬೆಹಣ್ಣಿನ ಸಮೇತ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಊಟ ತಯಾರಿದೆಯಂತೆ, ಸಾರು ಆರುತ್ತಿದೆಯಂತೆ. ಬೆಂಕಿಯ ವಿಷಯವನ್ನೂ ಜೋಡಿಸುವ ಕ್ರಮವನ್ನೂ ಬೇಗ ಬೇಗ ಹೇಳಿ ಮುಗಿಸುತ್ತೇನೆ.

ಸೈಲೆನ್ಸರಿನ ಮೈ ಮುನ್ನೂರು ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ತೋಟದ ತುಂಬ ಒಣ ಸೋಗೆ, ತರಗು, ಪಕ್ಕದಲ್ಲಿ ಹುಲ್ಲಿನ ಬಣವೆ. ಹೊಗೆ ನೆಲಕ್ಕೆ ಮುಖ ಮಾಡಬಾರದು, ಡೀಸೆಲ್ ಟ್ಯಾಂಕು, ಟೈರು, ವೈರಿಂಗ್ ಕಡೆಗೂ ಬೇಡ. ಕಾಫಿ, ಕೋಕೋ ಗಿಡಗಳ ನಡುವೆ ನೆಟ್ಟಗಿನ ಪೈಪು ಕೊಂಬೆಗೆ ಸಿಕ್ಕಿ ಫ್ಲೇಂಜ್ ಮುರಿಯುತ್ತದೆ, ಅಲ್ಲಿ ಅಡ್ಡದ್ದೇ ಸರಿ. ಕಿಡಿ ತಡೆಯುವ ಜಾಲರಿ ಹಾಕುವುದಾದರೆ ಕಣ್ಣು 0.58 ಮಿ.ಮೀ. ಮೀರಬಾರದು, ಅಮೆರಿಕದ ಕಾಡಿನ ಪ್ರದೇಶಗಳಲ್ಲಿ ಬಳಸುವ ಸಣ್ಣ ಎಂಜಿನ್‌ಗಳಿಗೆ ಅದೇ ಅಳತೆ. ಜಾಲರಿ ಮಸಿ ಕಟ್ಟುತ್ತದೆ, ಬಿಚ್ಚಿ ತಂತಿ ಬ್ರಷ್ಷಿನಲ್ಲಿ ಉಜ್ಜಬೇಕಾದೀತು.

ಬಿಚ್ಚುವಾಗ: ಹಿಂದಿನ ರಾತ್ರಿಯೇ ಸ್ಟಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ರಿಂಗ್ ಸ್ಪ್ಯಾನರ್ ಬಳಸಿ, ಮೊದಲು ಒಂಚೂರು ಬಿಗಿ ಮಾಡಿ ಆಮೇಲೆ ಬಿಡಿಸಿ. ಸ್ಟಡ್ ಮುರಿದರೆ ಉಳಿದ ತುಂಡಿಗೆ ನಟ್ ಇಟ್ಟು ಬೆಸೆದು ತಿರುಗಿಸಿ, ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರ್ ತೆಗೆದಿರಲಿ. ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಟ್ಯೂಬಿನ ಸಿಲಿಕೋನ್ ಪೇಸ್ಟೂ ಬೇಡ, ಆ ಬಿಸಿಗೆ ತಾಳುವುದಿಲ್ಲ. ಮೊದಲು ಎಲ್ಲ ನಟ್ಟೂ ಕೈಯಲ್ಲೇ, ನಂತರ ಫ್ಲೇಂಜ್ ಬಿಗಿ, ಕೊನೆಗೆ ಬ್ರಾಕೆಟ್. ಇದನ್ನು ತಿರುವುಮುರುವು ಮಾಡಿದರೆ ಬ್ರಾಕೆಟ್ ಫ್ಲೇಂಜನ್ನು ಓರೆಗೆ ಎಳೆದು ಒಂಟಿ ಸಿಲಿಂಡರಿನ ನಡುಕಕ್ಕೆ ಬೆಸುಗೆ ಸೀಳುತ್ತದೆ. ಬ್ರಾಕೆಟ್ ಇಲ್ಲದೆ ಭಾರವನ್ನೆಲ್ಲ ಎರಡು ಸ್ಟಡ್ಡಿನ ಮೇಲೆ ಬಿಟ್ಟರೂ ಅದೇ ಗತಿ. ಎಂಟು ಮಿ.ಮೀ. ಸ್ಟಡ್ಡಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು, ಪೈಪು ತೂರಿಸಿದ ಉದ್ದ ಸ್ಪ್ಯಾನರ್ ಬೇಡ. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಮೊದಲ ಸಲ ಬಣ್ಣ ಸುಟ್ಟು ಹೊಗೆ ಬರುತ್ತದೆ, ಅದಕ್ಕೆ ಹೆದರಬೇಡಿ. ಒಂದು ದಿನ ದುಡಿದ ಮೇಲೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕರಿಗೆರೆ ಕಂಡರೆ ಫ್ಲೇಂಜ್ ಬಿಚ್ಚಿ ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ನೋಡಿ. ಕೆಳಗಿನಿಂದ ಬೆಳಕು ಹಾಯ್ದರೆ ಅದು ಡೊಂಕು, ಫೈಲಿನಲ್ಲಿ ಮಟ್ಟ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿ.

ಎರಡು ಸ್ಟ್ರೋಕಿನ ಕಳೆ ಕತ್ತರಿಸುವ ಯಂತ್ರದ ಬಗ್ಗೆ ಯಾರೋ ಚೀಟಿಯಲ್ಲಿ ಕೇಳಿದ್ದಾರೆ, ಅದು ಬೇರೆಯೇ ರಾಮಾಯಣ, ಊಟದ ನಂತರ ನೋಡೋಣ.