ಸೆವೆನ್ ಸಸ್ ಫೋರ್: ಕಿರುಬೆರಳಿನ ಕೆಲಸ

ಈಚೆಗೆ ನನ್ನ ಗಿಟಾರ್ ಅಭ್ಯಾಸವೆಲ್ಲ ಸೆವೆನ್ ಸಸ್ ಫೋರ್ (7sus4) ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಒಂದು ಬಗೆಯ ಸ್ವರಗುಚ್ಛಗಳ ಸುತ್ತಲೇ ನಡೆಯುತ್ತಿದೆ. ಮಾಮೂಲಿ ಸೆವೆಂತ್ ಕಾರ್ಡಿನಲ್ಲಿ, ಸ್ವರಶ್ರೇಣಿಯಲ್ಲಿ ಮೂಲಸ್ವರದಿಂದ ಎಣಿಸಿದಾಗ ಸಿಗುವ ಮೂರನೆಯ ಸ್ವರವನ್ನು ತೆಗೆದು ಅಲ್ಲಿ ನಾಲ್ಕನೆಯದನ್ನು ಕೂರಿಸಿದರೆ ಈ ಕಾರ್ಡು ಸಿದ್ಧವಾಗುತ್ತದೆ. ಮೇಜರೋ ಮೈನರೋ ಎಂದು ಕಿವಿಗೆ ತಿಳಿಸುವುದು ಆ ಮೂರನೆಯ ಸ್ವರವೇ ಆದ್ದರಿಂದ, ಅದಿಲ್ಲದ ನಾದವು ಯಾವ ಕಡೆಗೂ ವಾಲದೆ ನಿಲ್ಲುತ್ತದೆ.

ಈಗ ಎಡಗೈಯನ್ನು ಗಮನಿಸಿ (ತಂತಿಗಳ ಎಣಿಕೆ ಅತಿ ತೆಳುವಾದದ್ದರಿಂದ; ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳು ವಿಂಗಡಿಸುವ ಮನೆ). ನಡುಬೆರಳು ನಾಲ್ಕನೆಯ ತಂತಿಯ 2ನೇ ಫ್ರೆಟ್ಟಿನಲ್ಲಿ, ಉಂಗುರಬೆರಳು ಎರಡನೆಯ ತಂತಿಯ 2ನೇ ಫ್ರೆಟ್ಟಿನಲ್ಲಿ ಇದ್ದು, ಆರನೆಯ ತಂತಿಯನ್ನು ಮೀಟದೆ ಬಿಟ್ಟರೆ ಎ ಸೆವೆನ್ ಕೇಳಿಸುತ್ತದೆ. ಉಂಗುರಬೆರಳನ್ನು ಎತ್ತದೆ, ಅದೇ ತಂತಿಯ 3ನೇ ಫ್ರೆಟ್ಟಿಗೆ ಕಿರುಬೆರಳನ್ನು ಇಟ್ಟರೆ ಅದೇ ಎ ಸೆವೆನ್ ಸಸ್ ಫೋರ್. ಬೆರಳನ್ನು ಜರುಗಿಸಿಯೂ ಇದನ್ನು ನುಡಿಸಬಹುದು. ಆದರೆ ಕೆಳಗಿನ ಬೆರಳು ಒತ್ತಿಕೊಂಡೇ ಇದ್ದಾಗ ಕಿರುಬೆರಳನ್ನು ಎತ್ತಿದಷ್ಟಕ್ಕೇ ಡಿ ಸ್ವರವು ಸಿ ಶಾರ್ಪಿಗೆ ಇಳಿಯುತ್ತದೆ, ತಾಳವೂ ತಪ್ಪುವುದಿಲ್ಲ.

ಇದರ ನಂತರ ಡಿ ಮೇಜರ್ ನುಡಿಸಿದಾಗ ನನಗೆ ನಿಜವಾದ ಸ್ವಾರಸ್ಯ ಕಂಡಿತು. ಹೆಚ್ಚು ಬಿಗಿಯಿರುವುದು ಸಸ್ ಕಾರ್ಡಿನಲ್ಲಲ್ಲ, ಎ ಸೆವೆನ್ನಿನಲ್ಲಿ. ಅಲ್ಲಿ ಜಿ ಮತ್ತು ಸಿ ಶಾರ್ಪ್ ನಡುವಿನ 6 ಅರ್ಧಸ್ವರಗಳ (ಒಂದು ಅರ್ಧಸ್ವರವೆಂದರೆ ಒಂದು ಫ್ರೆಟ್ಟಿನಷ್ಟು) ಅಂತರ ಕಿವಿಯನ್ನು ಕೆಣಕುತ್ತದೆ. ಸಸ್ ಕಾರ್ಡಿನಲ್ಲಿ ಆ ಅಂತರ 7 ಅರ್ಧಸ್ವರಗಳಾಗಿ ಸಡಿಲಗೊಳ್ಳುತ್ತದೆ, ಮೇಲಾಗಿ ಮುಂದೆ ತಲುಪಬೇಕಾದ ಡಿ ಸ್ವರವೇ ಅದರೊಳಗೆ ಮೊದಲೇ ಬಂದು ಕುಳಿತಿರುತ್ತದೆ. ಹೀಗಾಗಿ ಮೂರನ್ನೂ ಒಂದರ ಹಿಂದೊಂದು ನುಡಿಸಿ, ಎರಡನೆಯ ತಂತಿಯ ಸ್ವರ ಇಳಿದು ಮತ್ತೆ ಏರುವುದನ್ನು ಆಲಿಸುವುದು ಬರಿಯ ಕಾರ್ಡಿನ ಆಕಾರ ಉರುಹೊಡೆಯುವುದಕ್ಕಿಂತ ಮೇಲೆಂಬುದು ನನ್ನ ಅಭಿಪ್ರಾಯ. 1960ರ ದಶಕದ ಜಾಝ್ ಸಂಗೀತಗಾರರು ಹೀಗೆ ಇಳಿಸುವ ಗೋಜಿಗೇ ಹೋಗದೆ ಸಸ್ ಕಾರ್ಡುಗಳ ಮೇಲೆಯೇ ದೀರ್ಘವಾಗಿ ನಿಂತದ್ದುಂಟು, ಆದರೆ ಆ ಸೊಗಸು ಹಿಡಿಸಬೇಕಾದರೆ ಕಿವಿಗೆ ಮೊದಲು ಇಳಿಕೆಯ ರೂಢಿಯಾಗಿರಬೇಕು.

ಇ ಸೆವೆನ್ನಿನಲ್ಲಿ ಮೂರನೆಯ ತಂತಿ, ಡಿ ಸೆವೆನ್ನಿನಲ್ಲಿ ಒಂದನೆಯ ತಂತಿ, ಉಪಾಯ ಅದೇ. ಎಫ್ ಸೆವೆನ್ ಸಸ್ ಫೋರ್ ಮಾತ್ರ ಸತಾಯಿಸುತ್ತದೆ. ತೋರುಬೆರಳು 1ನೇ ಫ್ರೆಟ್ಟಿನ ಆರೂ ತಂತಿಗಳನ್ನು ಒತ್ತಿರಬೇಕು, ಉಂಗುರಬೆರಳು ಮತ್ತು ಕಿರುಬೆರಳು ಐದನೆಯ ಹಾಗೂ ಮೂರನೆಯ ತಂತಿಗಳ 3ನೇ ಫ್ರೆಟ್ಟಿನಲ್ಲಿರಬೇಕು. ಇವೆರಡರ ನಡುವೆ ಸಿಕ್ಕಿದ ನಾಲ್ಕನೆಯ ತಂತಿ ಸುಲಭವಾಗಿ ಸತ್ತುಹೋಗುತ್ತದೆ. ಈ ಕಾರ್ಡಿನ ಏಳನೆಯ ಸ್ವರ ಇರುವುದು ಅದೊಂದರಲ್ಲೇ ಆದ್ದರಿಂದ, ಪೂರ್ತಿ ಕಾರ್ಡು ಬಾರಿಸುವ ಮುನ್ನ ಆ ತಂತಿಯೊಂದನ್ನೇ ಮೀಟಿ ನೋಡಿಕೊಳ್ಳುತ್ತೇನೆ.