ಮರಿ ಬಿಡುವ ಮೊದಲು ಹೇಳಿ: ಇದು ಯಾವ ನದಿಯ ಮೀನು?

ನಮಸ್ಕಾರ, ಹಾಸನದಿಂದ ಮಾತನಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಸಿದ್ಧವಾಗಿತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಾರಣ ಒಂದು ಕಮೆಂಟು. ಗೊರೂರು ಹಿನ್ನೀರಿನ ಮೀನುಗಳ ಕುರಿತ ನಮ್ಮ ವಿಡಿಯೊದ ಕೆಳಗೆ ಒಬ್ಬರು ಬರೆದಿದ್ದಾರೆ: "ಮೀನು ಮೀನೇ ಸ್ವಾಮಿ. ಅದರ ಜೀನೋಮ್ ಓದಿದರೆ ಸಾರು ರುಚಿಯಾಗುತ್ತದೆಯೇ? ಒಂದು ಲಕ್ಷ ಮರಿ ತಂದು ಹೇಮಾವತಿಗೆ ಬಿಡಲಿ, ಮಹಶೀರ್ ತಾನಾಗಿ ಉಳಿಯುತ್ತದೆ." ಅದಕ್ಕೆ ಲೈಕುಗಳ ಸುರಿಮಳೆ. ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಹಶೀರ್ ಎಂದರೆ ನಮ್ಮ ನದಿಗಳ ಒಂದು ದೊಡ್ಡ ಮೀನು, ಜೀನೋಮ್ ಎಂದರೆ ಒಂದು ಜೀವಿಯ ಪೂರ್ತಿ ಡಿಎನ್ಎ.

ಅವರಿಗೆ ನನ್ನದು ಒಂದೇ ಪ್ರಶ್ನೆ. ಆ ಒಂದು ಲಕ್ಷ ಮರಿ ಯಾವ ನದಿಯದು?

ನಮ್ಮ ಸುತ್ತಲಿನ ಬೆಟ್ಟಗಳನ್ನೇ ನೋಡಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ, ಗೊರೂರು ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಕೃಷ್ಣೆಯ ಕಡೆಗೆ ಹೋಗುತ್ತಾರೆ. ಅದೇ ಬೆಟ್ಟಸಾಲಿನ ನೇತ್ರಾವತಿ ಘಟ್ಟ ಇಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಒಂದೇ ಮಳೆ ಮೂರು ದಿಕ್ಕಿಗೆ ಹರಿಯುತ್ತದೆ. ಮೀನು ಗುಡ್ಡ ಹತ್ತಿ ಆಚೆ ಇಳಿಯುವುದಿಲ್ಲ. ಲಕ್ಷಾಂತರ ವರ್ಷ ಒಂದು ನದಿಯಲ್ಲೇ ಬಾಳಿದ ಮೀನಿನ ಡಿಎನ್ಎಯಲ್ಲಿ ಆ ನದಿಯದೇ ಗುರುತು ಬಿದ್ದಿರುತ್ತದೆ. ಜೀನೋಮ್ ಓದುವುದೆಂದರೆ ಆ ಗುರುತನ್ನು ಓದುವುದು.

ಇದು ಪುಸ್ತಕದ ಬದನೆಕಾಯಿ ಎನ್ನುವವರು ಕಾವೇರಿಯಲ್ಲಿ ಏನಾಯಿತು ಎಂದು ಕೇಳಿಸಿಕೊಳ್ಳಲಿ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ಬಾಲದ ಮಹಶೀರ್ ಇದ್ದದ್ದು ಕಾವೇರಿ ಕೊಳ್ಳದಲ್ಲಿ ಮಾತ್ರ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದದ್ದು 120 ಪೌಂಡಿನ ಮಹಶೀರ್, ಅಂದರೆ ಸುಮಾರು 54 ಕಿಲೋ. ಪ್ರಪಂಚದ ಗಾಳದವರೆಲ್ಲ ನಮ್ಮ ನದಿಗೆ ಬರುತ್ತಿದ್ದದ್ದು ಇಂಥ ಮೀನಿಗಾಗಿ. ಇಷ್ಟು ಹೆಸರಾಂತ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು ಯಾವಾಗ? 2018ರಲ್ಲಿ! ಕಾವೇರಿಯ ಉಪನದಿ ಪಾಂಬಾರಿನಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿ ಎಂಬ ಮೀನೇ ಇದು ಎಂದು ಸಂಶೋಧಕರು ದೇಹರಚನೆ ಮತ್ತು ಡಿಎನ್ಎ ಎರಡನ್ನೂ ಹೋಲಿಸಿ ತೋರಿಸಿದರು. ಅದೇ ವರ್ಷ ಅದು ತೀವ್ರ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅಷ್ಟರೊಳಗೆ ನಾವು ಮಾಡಿದ್ದೇನು? 1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಮಹಶೀರ್ ಮರಿ ಮಾಡುವ ವಿಧಾನ ಕೈಗೆ ಸಿಕ್ಕಿತು. ಅಲ್ಲಿ ಬೆಳೆಸಿದ್ದು ನೀಲಿ ರೆಕ್ಕೆಯ ಟಾರ್ ಖುದ್ರೀ. ಸೈಕ್ಸ್ ಎಂಬವರು 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯಿಂದ, ಅಂದರೆ ಕೃಷ್ಣಾ ಕೊಳ್ಳದಿಂದ, ವರ್ಣಿಸಿದ ಮೀನು ಅದು. ಅದರ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಬಿಟ್ಟವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಅವರ ಶ್ರಮಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಕಾವೇರಿಯಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳದವರ 1998ರಿಂದ 2012ರವರೆಗಿನ ದಾಖಲೆ ಏನು ಹೇಳುತ್ತದೆ? ನೀಲಿ ರೆಕ್ಕೆಯದು ಏರಿತು, ಉಬ್ಬು ಬೆನ್ನಿನದು ಕುಸಿಯಿತು. ದಡದಲ್ಲಿ ನಿಂತವರು ಮಹಶೀರ್ ಹೆಚ್ಚಾಯಿತು ಎಂದು ಸಂತೋಷಪಟ್ಟರು. ಯಾವ ಮಹಶೀರ್ ಎಂದು ಯಾರೂ ಕೇಳಲಿಲ್ಲ. ಯಾವ ನದಿಯದು ಎಂದು ಕೇಳಲಿಲ್ಲ!

ಸಂತೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಹೋರಿ ಕೊಳ್ಳುವಾಗ ನಮ್ಮ ರೈತರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಯಾವ ಊರಿನ ಯಾರ ಮನೆಯದು ಎಂದು ವಿಚಾರಿಸುತ್ತಾರೆ. ನದಿಗೆ ಲಕ್ಷ ಮರಿ ಸುರಿಯುವಾಗ ಇದರ ಕಾಲು ಭಾಗದ ವಿಚಾರಣೆಯೂ ನಡೆಯುವುದಿಲ್ಲ.

ಇಲ್ಲಿ ಒಂದು ನಿಮಿಷ. ಈ ವಾಹಿನಿಗೆ ಚಂದಾದಾರರಾಗದವರು ಈಗಲೇ ಆಗಿ. ನದಿ, ಕೆರೆ, ಹಳ್ಳದ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬೇಕೆಂಬ ಹಟದಿಂದ ಇದನ್ನು ನಡೆಸುತ್ತಿದ್ದೇನೆ. ಯಗಚಿಯ ಬಗ್ಗೆ ಮಾಡಿದ ಸಂಚಿಕೆಯನ್ನೂ ನೋಡಿ.

ಈಗ ಇನ್ನೊಂದು ಆಕ್ಷೇಪ. "ಹಾಗಾದರೆ ಒಂದು ಸಣ್ಣ ಡಿಎನ್ಎ ಪರೀಕ್ಷೆ ಮಾಡಿದರಾಯಿತು, ಪೂರ್ತಿ ಜೀನೋಮ್ ಯಾಕೆ?" ಇದು ಮಾತ್ರ ಉತ್ತರಿಸಲು ಯೋಗ್ಯವಾದ ಪ್ರಶ್ನೆ. ಸಾಮಾನ್ಯವಾಗಿ ಪರೀಕ್ಷಿಸುವುದು ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ, ಡಿಎನ್ಎಯ ಒಂದು ತುಣುಕನ್ನು. ಅದು ಬರುವುದು ತಾಯಿಯಿಂದ ಮಾತ್ರ. ತಾಯಿ ಒಂದು ಜಾತಿಯದಾಗಿ ತಂದೆ ಇನ್ನೊಂದು ಜಾತಿಯದಾದರೆ, ಆ ಬೆರಕೆ ಮರಿಯನ್ನು ಈ ಪರೀಕ್ಷೆ ಶುದ್ಧ ತಾಯಿಯ ಜಾತಿ ಎಂದೇ ತೋರಿಸುತ್ತದೆ. ತಂದೆಯ ಕಡೆಯ ಕಥೆ ಸಿಗಬೇಕಾದರೆ ಕೋಶಕೇಂದ್ರದೊಳಗಿನ ಜೀನೋಮ್ ಓದಲೇಬೇಕು. ಮಹಶೀರಿನಲ್ಲಿ ಅದು ಸುಲಭದ ಕೆಲಸವೂ ಅಲ್ಲ. ನಮ್ಮ ಕೆರೆಗಳ ರೋಹು, ಕಾಟ್ಲಾಗಳಿಗೆ 50 ವರ್ಣತಂತುಗಳು, ಅಂದರೆ ಡಿಎನ್ಎ ಸುತ್ತಿಟ್ಟ ಎಳೆಗಳು, ಮಹಶೀರಿಗೆ 100. ಸಾಮಾನ್ಯ ಗೆಂಡೆಗೂ 100. ಆ ಗೆಂಡೆಯ ಜೀನೋಮ್ 2014ರಲ್ಲಿ ಪ್ರಕಟವಾದಾಗ ಅದರಲ್ಲಿ 52 ಸಾವಿರಕ್ಕೂ ಹೆಚ್ಚು ಜೀನ್‌ಗಳು ಸಿಕ್ಕವು. ಮನುಷ್ಯನಿಗೆ ಇರುವುದು ಸುಮಾರು 20 ಸಾವಿರ. ಎರಡು ಪುರಾತನ ಮೀನುಗಳ ಜೀನೋಮ್‌ಗಳು ಸೇರಿ ಆದ ಮೀನು ಗೆಂಡೆ. ಮಹಶೀರಿನ ವಂಶದಲ್ಲೂ ಬಹಳ ಹಿಂದೆ ಜೀನೋಮ್ ಇಮ್ಮಡಿಯಾಗಿದೆ. ಹೀಗೆ ಒಂದೊಂದು ಜೀನ್‌ಗೂ ಜೋಡಿ ಇರುವಾಗ ಯಾವುದು ಯಾವುದರ ಪ್ರತಿ ಎಂದು ಬಿಡಿಸಲು ಅರ್ಧಂಬರ್ಧ ಓದು ಸಾಲದು.

ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ಹೊರಗಿನ ದೊಡ್ಡ ಮೀನುಗಳನ್ನು ನೋಡಿ. ಅಮೆಜಾನಿನ ಅರಪೈಮ 200 ಕಿಲೋವರೆಗೂ ಬೆಳೆಯುತ್ತದೆ, ಮೇಲೆ ಬಂದು ಗಾಳಿ ನುಂಗಿ ಉಸಿರಾಡುತ್ತದೆ. ಅದರ ಜೀನೋಮ್ ಮನುಷ್ಯನದರ ಐದನೆಯ ಒಂದು ಭಾಗದಷ್ಟು! ಆಸ್ಟ್ರೇಲಿಯದ ಶ್ವಾಸಕೋಶ ಮೀನು ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ 2021ರಲ್ಲಿ ಓದಿದಾಗ ಅದರ ಜೀನೋಮ್ ಮನುಷ್ಯನದರ 14 ಪಟ್ಟು ಎಂದು ತಿಳಿಯಿತು. ತಮ್ಮನ್ನೇ ನಕಲು ಮಾಡಿಕೊಂಡು ಹಬ್ಬುವ ಡಿಎನ್ಎ ತುಣುಕುಗಳು ಅದನ್ನು ಅಷ್ಟು ಹಿಗ್ಗಿಸಿವೆ. ಅಂದರೆ ಮೀನಿನ ಗಾತ್ರ ನೋಡಿ ಒಳಗಿನದನ್ನು ಊಹಿಸಲು ಬರುವುದಿಲ್ಲ.

ಸ್ಟರ್ಜನ್ ಮೀನಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ. ದುಬಾರಿ ಕ್ಯಾವಿಯರ್ ಎಂಬ ಮೊಟ್ಟೆ ಕೊಡುವ ಮೀನು ಅದು. ಹೊರಗಿನಿಂದ ನೋಡಿದರೆ ಗಂಡು ಹೆಣ್ಣು ತಿಳಿಯುವುದಿಲ್ಲ, ಹೆಣ್ಣು ಮೊಟ್ಟೆಗೆ ಬರಲು ಎಷ್ಟೋ ವರ್ಷ ಬೇಕು. ಸಾಕುವವರು ಅಷ್ಟು ವರ್ಷ ಗಂಡುಗಳಿಗೂ ಮೇವು ಹಾಕುತ್ತಾ ಕಾಯಬೇಕಿತ್ತು. 2020ರಲ್ಲಿ ಸ್ಟರ್ಲೆಟ್ ಎಂಬ ಸ್ಟರ್ಜನ್ನಿನ ಜೀನೋಮ್ ಬಂತು. ಮರುವರ್ಷವೇ ಹೆಣ್ಣು ಮೀನುಗಳಲ್ಲಿ ಮಾತ್ರ ಇರುವ ಒಂದು ಡಿಎನ್ಎ ಭಾಗ ಸಿಕ್ಕಿತು. 18 ಕೋಟಿ ವರ್ಷಗಳಿಂದ ಹಾಗೆಯೇ ಉಳಿದುಬಂದ ಭಾಗ! ಈಗ ರೆಕ್ಕೆಯ ಒಂದು ಚೂರು ಸಾಕು, ಮರಿಯಾಗಿದ್ದಾಗಲೇ ಹೆಣ್ಣೋ ಗಂಡೋ ಹೇಳಬಹುದು. ಸಾರಿನ ರುಚಿ ಕೇಳಿದವರೇ, ಇಲ್ಲಿ ಇದೆ ನಿಮಗೆ ಬೇಕಾದ ಲಾಭ.

ಮರಿಕೇಂದ್ರದ ವಿಷಯವೂ ಇದೆ. ಕೆಲವೇ ತಾಯಿ ತಂದೆ ಮೀನುಗಳಿಂದ ಲಕ್ಷ ಮರಿ ತೆಗೆದರೆ ಆ ಲಕ್ಷವೂ ಅಣ್ಣ ತಮ್ಮ, ಅಕ್ಕ ತಂಗಿಯರೇ. ಒಂದು ರೋಗಕ್ಕೆ ಒಂದು ಸೋತರೆ ಉಳಿದವೂ ಸೋಲುವ ಅಪಾಯವಿದೆ. ಜೀನೋಮಿನಲ್ಲಿ ತಾಯಿಯ ಪ್ರತಿ, ತಂದೆಯ ಪ್ರತಿ ಉದ್ದಕ್ಕೂ ಒಂದೇ ಆಗಿರುವ ಭಾಗಗಳು ಎಷ್ಟಿವೆ ಎಂದು ನೋಡಿದರೆ ಈ ಒಳಸಂಬಂಧ ಬಯಲಾಗುತ್ತದೆ. ಸಮಾರಂಭದ ಬ್ಯಾನರಿನಲ್ಲಿ ಬರೆಯುವುದು ಮರಿಗಳ ಸಂಖ್ಯೆ ಮಾತ್ರ. ಎಷ್ಟು ತಾಯಿಯಿಂದ, ಯಾವ ನದಿಯ ತಾಯಿಯಿಂದ? ಅದನ್ನೂ ಬರೆಯಿರಿ!

"ಮೀನು ಸಾಯಿಸಿ ಸಂಶೋಧನೆ ಮಾಡುತ್ತೀರಾ" ಎಂದು ಕೇಳುವವರೂ ಇದ್ದಾರೆ. ಇಂಥ ಪರೀಕ್ಷೆಗೆ ಸಾಯಿಸಬೇಕಾಗಿಲ್ಲ. ರೆಕ್ಕೆಯ ತುದಿಯ ಚೂರು ಸಾಕು. ನದಿಯ ನೀರನ್ನು ಸೋಸಿ ಅದರಲ್ಲಿ ಬಿದ್ದಿರುವ ಡಿಎನ್ಎಯಿಂದಲೇ ಯಾವ ಮೀನು ಅಲ್ಲಿದೆ ಎಂದು ಹೇಳುವ ವಿಧಾನವೂ ಬಂದಿದೆ. ಶೃಂಗೇರಿಯ ತುಂಗೆಯ ಘಟ್ಟದಲ್ಲಿ ಭಕ್ತರು ದೇವರ ಮೀನುಗಳಿಗೆ ಮಂಡಕ್ಕಿ ಹಾಕುತ್ತಾರೆ, ಯಾರೂ ಅವನ್ನು ಹಿಡಿಯುವುದಿಲ್ಲ. ಆ ನಂಬಿಕೆಯೇ ಕಾಯ್ದುಕೊಂಡ ಮೀನುಗಳು ಅವು, ತುಂಗೆಯವು. ಅವುಗಳ ವಂಶ ತುಂಗೆಗೆ ಬೇಕು. ಅವನ್ನೇ ತಂದು ಹೇಮಾವತಿಗೆ ಬಿಡೋಣ ಎಂದು ಯಾರಾದರೂ ಭಕ್ತಿಯಿಂದ ಹೊರಟರೂ ನಾನು ಬೇಡ ಎನ್ನುತ್ತೇನೆ, ಕೈಮುಗಿದು ಬೇಡ ಎನ್ನುತ್ತೇನೆ. ಇದು ಕಾವೇರಿಯ ನೀರು, ಅದು ಕೃಷ್ಣೆಯ ಮೀನು.

ಖರ್ಚು ಹೆಚ್ಚು ಎನ್ನಬೇಡಿ. ಆ ಮಾತು ನನಗೆ ಬೇಡ. ಸಮಯವಿಲ್ಲ ಎನ್ನಬೇಡಿ. ಯಾವ ನದಿಯ ಮರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಬಿಡಬೇಡಿ, ಅಷ್ಟೇ!

ಹಾಸನ, ಚಿಕ್ಕಮಗಳೂರು ಕಡೆಯವರು ಈ ವಿಡಿಯೊವನ್ನು ನಿಮ್ಮ ಊರಿನ ಗುಂಪುಗಳಿಗೆ ಕಳುಹಿಸಿ. ನಿಮ್ಮ ಹಳ್ಳದ ನೀರು ಹೇಮಾವತಿಗೆ ಹೋಗುತ್ತದೆಯೋ, ಭದ್ರೆಗೋ ಎಂದು ಕೆಳಗೆ ಬರೆಯಿರಿ. ನಿಮ್ಮೂರಿನ ಹೊಳೆಗೆ ಮಹಶೀರ್ ಮರಿ ಬಿಡುವ ಕಾರ್ಯಕ್ರಮ ನಡೆದರೆ ಮುಂದಿನ ಸಾಲಿಗೆ ಹೋಗಿ ಈ ಪ್ರಶ್ನೆ ಕೇಳಿ, ಸಿಕ್ಕ ಉತ್ತರವನ್ನು ನನಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಆ ಉತ್ತರಗಳನ್ನೇ ಓದುತ್ತೇನೆ.